ಭೋಪಳಾ ಅಂದರೆ ಸೊನ್ನೆಯೇ?

ನಮ್ಮ ಶಾಲೆಯಲ್ಲಿ ಉತ್ತರಪತ್ರಿಕೆ ಹಂಚುವ ದಿನ ಒಂದು ಶಬ್ದ ತಪ್ಪದೆ ಕೇಳಿಬರುತ್ತದೆ. ‘ಭೋಪಳಾ!’ ಗಣಿತದಲ್ಲಿ ಸೊನ್ನೆ ಬಂದವನನ್ನು ಹಿಂದೆ ಕುಳಿತವರು ಹಾಗೆ ಕರೆದು ನಗುತ್ತಾರೆ. ಕನ್ನಡ ಮಾಧ್ಯಮದ ಮಕ್ಕಳೇ. ಮನೆಯಲ್ಲಿ ಕನ್ನಡ, ಅಂಗಳದಲ್ಲಿ ಕನ್ನಡ, ಜಗಳವಂತೂ ಅಪ್ಪಟ ಕನ್ನಡ. ಸೊನ್ನೆಯ ಹೆಸರು ಮಾತ್ರ ಮರಾಠಿಯದು. ಮರಾಠಿಯಲ್ಲಿ ಭೋಪಳಾ ಎಂದರೆ ಕುಂಬಳಕಾಯಿ. ದುಂಡಗಿದೆಯಲ್ಲ, ಅದಕ್ಕೇ ಸೊನ್ನೆಗೂ ಅದೇ ಹೆಸರು. ನಾವೂ ಚಿಕ್ಕವರಿದ್ದಾಗ ಒಂದೆರಡು ಸಲ ಭೋಪಳಾ ಮನೆಗೆ ತಂದವರೇ (ಯಾವ ವಿಷಯದಲ್ಲಿ ಅಂತ ಕೇಳಬೇಡಿ).

ಬೇರೆ ಊರಿನವರು ಹಾಗೆ ಅಂದರೆ ಅನ್ನಲಿ. ಸಾಂಗಲಿ ಜಿಲ್ಲೆಯವರು, ಅದರಲ್ಲೂ ಮಿರಜದ ಸುತ್ತಲಿನವರು ಅನ್ನಬಾರದು ಎಂಬುದು ನಮ್ಮ ಅಭಿಪ್ರಾಯ. ಯಾಕೆಂದರೆ ಮಿರಜದ ಹೆಸರು ದೇಶದ ಗವಾಯಿಗಳ ಬಾಯಲ್ಲಿ ಉಳಿದಿರುವುದೇ ಒಂದು ಒಣಗಿದ ಭೋಪಳದಿಂದ. ಆ ಮಾತಿಗೆ ಬರುತ್ತೇವೆ. ಮೊದಲು ಅಡಿಗೆಮನೆಯ ಭೋಪಳದ ಲೆಕ್ಕ ಮುಗಿಸೋಣ, ಅಲ್ಲಿಯೂ ಸಾಕಷ್ಟು ಗೊಂದಲವಿದೆ.

ಕೆಲವು ವರ್ಷಗಳ ಹಿಂದೆ ಒಂದು ತರಬೇತಿಯಲ್ಲಿ ಕುಳಿತಿದ್ದೆವು. ಶಾಲೆಯ ಪರಸಬಾಗದಲ್ಲಿ ಬೆಳೆಯಬೇಕಾದ ತರಕಾರಿಗಳ ಯಾದಿ ಕೊಟ್ಟರು. ಪರಸಬಾಗ ಎಂದರೆ ನಮ್ಮ ಹಿತ್ತಲು. ಮಹಾರಾಷ್ಟ್ರದ ಶಾಲೆಗಳಲ್ಲಿ ಮಧ್ಯಾಹ್ನದ ಊಟಕ್ಕೆ ಕಾಯಿಪಲ್ಯ ಸಿಗಲಿ ಎಂದು ಇದನ್ನು ಮಾಡಿಸುತ್ತಾರೆ. ಯಾದಿ ಮರಾಠಿಯಲ್ಲಿತ್ತು. ಕನ್ನಡ ಶಾಲೆಯವರು ಕನ್ನಡದಲ್ಲಿ ಬರೆದುಕೊಳ್ಳಿ ಎಂದರು. ತಾಂಬಡಾ ಭೋಪಳಾ, ದುಧಿ ಭೋಪಳಾ, ಕೋಹಳಾ. ನಮ್ಮ ಪಕ್ಕದ ಗುರುಗಳು ಮೂರಕ್ಕೂ ‘ಕುಂಬಳಕಾಯಿ’ ಎಂದು ಬರೆದು ಪೆನ್ನು ಮುಚ್ಚಿಟ್ಟರು!

ನಕ್ಕೆವು. ಆಮೇಲೆ ಯೋಚಿಸಿದರೆ ಅವರು ಬರೆದದ್ದು ಅಷ್ಟೇನೂ ತಪ್ಪಲ್ಲ. ತಾಂಬಡಾ ಭೋಪಳಾ ಅಂದರೆ ಕೆಂಪು, ನಮ್ಮ ಸಿಹಿಗುಂಬಳ. ಕೋಹಳಾ ಅಂದರೆ ಬೂದುಗುಂಬಳ, ದೃಷ್ಟಿಯಾಗಬಾರದೆಂದು ಬಾಗಿಲಿಗೆ ಕಟ್ಟುವುದು, ಸಂಡಿಗೆಗೆ ಹಾಕುವುದು. ಇನ್ನು ದುಧಿ ಭೋಪಳಾ. ಬೆಂಗಳೂರು ಕಡೆಯವರು ಅದನ್ನು ಸೋರೆಕಾಯಿ ಅನ್ನುತ್ತಾರೆ. ನಮ್ಮ ಕಡೆ ಹಳಬರ ಬಾಯಲ್ಲಿ ಅದು ಹಾಲುಗುಂಬಳ. ದುಧಿ ಎಂದರೂ ಹಾಲೇ. ಯಾರು ಯಾರಿಂದ ತೆಗೆದುಕೊಂಡರೋ, ಎರಡೂ ಭಾಷೆಯ ಹೆಂಗಸರು ಒಂದೇ ಕಾಯಿಯನ್ನು ನೋಡಿ ಒಂದೇ ಹೆಸರಿಟ್ಟಿದ್ದಾರೆ. ಕರಾವಳಿಯವರು ಸಿಹಿಗುಂಬಳಕ್ಕೆ ಚೀನಿಕಾಯಿ ಅನ್ನುತ್ತಾರೆ. ಕಾಸರಗೋಡಿನ ನಮ್ಮ ಶಿಕ್ಷಕ ಮಿತ್ರರೊಬ್ಬರು ಆ ಶಬ್ದ ಹೇಳಿದಾಗ ನಾವು ಯಾವುದೋ ಹೊಸ ತರಕಾರಿ ಇರಬೇಕು ಅಂದುಕೊಂಡಿದ್ದೆವು. ಕುಂಬಳೆ ಎಂಬ ಊರಿರುವ ಜಿಲ್ಲೆಯಲ್ಲಿ ಕುಂಬಳಕ್ಕೆ ಚೀನಿ ಅನ್ನುತ್ತಾರಲ್ಲ ಎಂದು ಅವರನ್ನು ಕಾಡಿಸಿದ್ದೂ ಉಂಟು.

ಮೂರರಲ್ಲಿ ಸಿಹಿಗುಂಬಳ ಹೊಸಬ. ಅದರ ತವರು ಅಮೆರಿಕ. 1492ರಲ್ಲಿ ಕೊಲಂಬಸ್ ಆ ಕಡೆ ಹೋಗುವ ಮೊದಲು ನಮ್ಮ ದೇಶದ ಯಾವ ಅಡಿಗೆಮನೆಯಲ್ಲೂ ಅದು ಇರಲಿಲ್ಲ. ಮೆಣಸಿನಕಾಯಿ, ಬಟಾಟಿ, ಶೇಂಗಾ ಬಂದ ಹಾಗೆಯೇ ಹಡಗು ಹತ್ತಿ ಬಂದದ್ದು. ಇಲ್ಲಿ ಮೊದಲೇ ಇದ್ದ ಬೂದುಗುಂಬಳದ ಹೆಸರನ್ನು ಹಂಚಿಕೊಂಡು ಮನೆಯವನೇ ಆಗಿಬಿಟ್ಟ. ಮರಾಠಿಯಲ್ಲೂ ಇದೇ ಕಥೆ, ಹೆಸರು ಮಾತ್ರ ಭೋಪಳಾ. ಸೋರೆಕಾಯಿಯ ಮೂಲ ಆಫ್ರಿಕ, ಆದರೆ ಅದು ಬಂದು ಸಾವಿರಾರು ವರ್ಷಗಳಾಗಿವೆ. ಯಾರು ಒಳಗಿನವರು, ಯಾರು ಹೊರಗಿನವರು ಎಂದು ಗಡಿಯಲ್ಲಿ ವಾದ ಮಾಡುವವರು ಒಮ್ಮೆ ತಮ್ಮ ತಾಟು ನೋಡಿಕೊಳ್ಳಬೇಕು ಅನ್ನಿಸುತ್ತದೆ.

ಜತ್ತ ತಾಲ್ಲೂಕಿನಂಥ ಬರದ ಸೀಮೆಯಲ್ಲಿ ಸಿಹಿಗುಂಬಳಕ್ಕೆ ಒಂದು ದೊಡ್ಡ ಗುಣವಿದೆ, ಕೆಡದೆ ಇರುವುದು. ಬಲಿತ ಕಾಯನ್ನು ತೊಟ್ಟು ಮುರಿಯದ ಹಾಗೆ ಕೊಯ್ದು, ನೆಲದ ಹಸಿ ತಾಗದಂತೆ ಅಟ್ಟದ ಮೇಲೆ ಹುಲ್ಲಿನ ಸಿಂಬಿಯ ಮೇಲೆ ಇಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ನಮ್ಮ ಅಜ್ಜಿ ಮಳಿಗಾಲದ ಬಳ್ಳಿಯ ಕಾಯಿಗಳನ್ನು ಬೇಸಿಗೆಯವರೆಗೆ ಕಾಯ್ದಿಡುತ್ತಿದ್ದಳು. ಬಾವಿ ಬತ್ತಿ, ಸಂತೆಯಲ್ಲಿ ತರಕಾರಿ ಮುಟ್ಟಲಾಗದ ರೇಟಾದಾಗ ಒಂದೊಂದೇ ಕೆಳಗಿಳಿಯುತ್ತಿತ್ತು. ತೊಟ್ಟು ಮುರಿದ ಕಾಯಿ ಇದ್ದರೆ ಅದು ಮೊದಲು. ಯಾಕೆಂದರೆ ಕೊಳೆಯುವುದು ಅಲ್ಲಿಂದಲೇ ಶುರು. ಒಂದು ಕಾಯಿ ಒಡೆದರೆ ನಾಲ್ಕು ಮನೆಗೆ ಹೋಗುತ್ತಿತ್ತು, ಇಡೀ ಕಾಯಿಯನ್ನು ಒಂದೇ ಮನೆಯವರು ಉಣ್ಣುವ ರೂಢಿ ಇರಲಿಲ್ಲ.

ಎಳೆ ಕುಡಿ ಪಲ್ಯಕ್ಕೆ, ಹೂವು ಭಜಿಗೆ (ಗಂಡು ಹೂವು ಮಾತ್ರ, ಹೆಣ್ಣು ಹೂವಿನ ಕೆಳಗೆ ಪುಟ್ಟ ಕಾಯಿ ಇರುತ್ತದೆ, ಅದನ್ನು ಕಿತ್ತರೆ ಅಜ್ಜಿಯ ಬೈಗುಳ ಗ್ಯಾರಂಟಿ). ಬೀಜ ಬೂದಿ ಹಚ್ಚಿ ಒಣಗಿಸಿದರೆ ಒಂದು ಪಾಲು ಬಿತ್ತನೆಗೆ, ಉಳಿದದ್ದು ಹುರಿದು ನಮ್ಮ ಚಡ್ಡಿ ಕಿಸೆಗೆ. ತಿರುಳಿನ ಕಿತ್ತಳೆ ಬಣ್ಣ ಎಷ್ಟು ಗಾಢವೋ ಅಷ್ಟು ಎ ಜೀವಸತ್ವದ ಮೂಲವಸ್ತು ಅದರಲ್ಲಿದೆ ಎಂದು ಈಗ ವಿಜ್ಞಾನದ ಪಾಠದಲ್ಲಿ ಹೇಳುತ್ತೇವೆ. ಅಜ್ಜಿ ‘ಕಣ್ಣಿಗಿ ಛಲೋ’ ಎಂದು ಎರಡೇ ಶಬ್ದದಲ್ಲಿ ಪಾಠ ಮುಗಿಸುತ್ತಿದ್ದಳು.

ಮತ್ತೆ ಗಾರಿಗೆ! ಈ ಒಂದು ತಿನಿಸಿನ ಬಗ್ಗೆ ಬರೆಯದೆ ಮುಂದೆ ಹೋದರೆ ನಮಗೇ ಸಮಾಧಾನವಿಲ್ಲ. ಹೆರೆದ ಕುಂಬಳವನ್ನು ಬೆಲ್ಲದ ಜೊತೆ ಸಣ್ಣ ಉರಿಯಲ್ಲಿ ಬೇಯಿಸಬೇಕು. ನೀರು ಹಾಕಬಾರದು, ಕುಂಬಳವೇ ಬಿಡುತ್ತದೆ. ಆರಿದ ಮೇಲೆ ಹಿಡಿಯುವಷ್ಟೇ ಗೋದಿ ಹಿಟ್ಟು, ಸ್ವಲ್ಪ ರವೆ, ಏಲಕ್ಕಿ, ಚಿಟಿಕೆ ಉಪ್ಪು. ಕಲಸುವಾಗಲೂ ನೀರಿಲ್ಲ. ಎಲೆಯ ಮೇಲೆ ತಟ್ಟಿ ಗಸಗಸೆ ಒತ್ತಿ ಎಣ್ಣೆಗೆ ಬಿಡುವುದು. ಉರಿ ಹೆಚ್ಚಾದರೆ ಬೆಲ್ಲ ಕಪ್ಪಾಗಿ ಒಳಗೆ ಹಸಿ ಉಳಿಯುತ್ತದೆ. ಮೂರು ದಿನ ಇಟ್ಟರೂ ಮೆತ್ತಗೇ ಇರುತ್ತದೆ, ಇದ್ದರೆ! ಮರಾಠಿ ಮನೆಗಳಲ್ಲಿ ಇದಕ್ಕೆ ಘಾರಗೆ ಅನ್ನುತ್ತಾರೆ. ಒಂದು ಮಹಾಪ್ರಾಣದ ಅಂತರ, ರುಚಿಯಲ್ಲಿ ಅದೂ ಇಲ್ಲ. ನಮ್ಮ ಶಾಲೆಯ ಮಕ್ಕಳು ಊಟದ ಸಾರಿನಲ್ಲಿ ಕುಂಬಳದ ಹೋಳು ಕಂಡರೆ ಆರಿಸಿ ತಾಟಿನ ಅಂಚಿಗೆ ಇಡುತ್ತಾರೆ. ಅದೇ ಮಕ್ಕಳು ಗಾರಿಗೆಯ ದಿನ ಎರಡನೇ ಸಲ ಸರದಿಯಲ್ಲಿ ನಿಲ್ಲುತ್ತಾರೆ. ‘ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಎಂಬ ಗಾದೆಯನ್ನು ನಾವು ವಿವರಿಸುವುದು ಆವತ್ತೇ. ಒಬ್ಬಿಬ್ಬರು ಬಾಯಿ ಒರೆಸಿಕೊಳ್ಳುತ್ತಾರೆ.

ಮರಾಠಿಯಲ್ಲೂ ಒಂದು ಮಾತಿದೆ, ‘ವಿಳ್ಯಾ-ಭೋಪಳ್ಯಾಚೆ ಸಖ್ಯ’. ಈಳಿಗೆಗೂ ಕುಂಬಳಕ್ಕೂ ಇರುವ ಗೆಳೆತನ, ಅಂದರೆ ಬದ್ಧ ವೈರ ಎಂದು ವ್ಯಂಗ್ಯ. 2022ರ ನವೆಂಬರಿನಲ್ಲಿ ಜತ್ತ ತಾಲ್ಲೂಕಿನ ಹೆಸರು ಎರಡೂ ರಾಜ್ಯದ ಟೀವಿಗಳಲ್ಲಿ ದಿನಾ ಬರತೊಡಗಿದಾಗ ನಮ್ಮ ಮರಾಠಿ ಸಹೋದ್ಯೋಗಿಯೊಬ್ಬರು ಈ ಮಾತನ್ನೇ ಆಡಿದರು. ಅವರ ಡಬ್ಬಿಯ ಘಾರಗೆಯನ್ನು ನಾವು ತಿನ್ನುತ್ತಿರುವಾಗ! ಯಾರು ಈಳಿಗೆ ಎಂಬುದು ಮಾತ್ರ ಕೊನೆಗೂ ತೀರ್ಮಾನವಾಗಲಿಲ್ಲ.

ಇದು ತಿನ್ನುವ ಭೋಪಳದ ಕಥೆಯಾಯಿತು. ತಿನ್ನದ ಭೋಪಳವೂ ಒಂದಿದೆ. ಕೃಷ್ಣೆಯ ದಂಡೆಯ ಹಳ್ಳಿಗಳಲ್ಲಿ ಹಿಂದೆ ಈಜು ಕಲಿಯುವ ಹುಡುಗರ ಬೆನ್ನಿಗೆ ಒಣಗಿದ ಬುರುಡೆ ಕಟ್ಟುತ್ತಿದ್ದರು. ಆಮೇಲೆ ತಗಡಿನ ಡಬ್ಬಿ ಬಂತು, ಅದರ ಮೇಲೆ ಪ್ಲಾಸ್ಟಿಕ್ ಕ್ಯಾನು. ಊರೂರು ತಿರುಗುವ ಪದಕಾರರ ಏಕತಾರಿಗೆ ಅದೇ ಬುರುಡೆ. ಕಿನ್ನರಿ ಜೋಗಿಯ ಕಿನ್ನರಿಗೂ ಅದೇ. ಒಳಗೆ ಟೊಳ್ಳು, ಹೊರಗೆ ಕಟ್ಟಿಗೆಯಷ್ಟು ಗಟ್ಟಿ, ಹಿಡಿದರೆ ಹಗುರ. ಮಿರಜದವರು ಹಿಡಿದದ್ದು ಈ ಗುಣವನ್ನು.

ಒಮ್ಮೆ ಏಳನೆಯ ಇಯತ್ತೆಯ ಮಕ್ಕಳನ್ನು ಸಹಲಿಗೆ ಕರೆದುಕೊಂಡು ಹೋಗಿದ್ದೆವು. ಸಾಂಗಲಿಯ ಗಣಪತಿ ಗುಡಿ ಆಯಿತು. 1843ರಲ್ಲಿ ವಿಷ್ಣುದಾಸ ಭಾವೆಯವರು ಮರಾಠಿಯ ಮೊದಲ ನಾಟಕ ಆಡಿಸಿದ ಊರು ಇದು, ಅದಕ್ಕೆ ಒಂದು ವರ್ಷ ಮೊದಲು ಕರ್ನಾಟಕದಿಂದ ಬಂದ ಭಾಗವತರ ಮೇಳದ ಆಟ ನೋಡಿಯೇ ಅವರಿಗೆ ಪ್ರೇರಣೆ ಸಿಕ್ಕಿದ್ದು ಎಂದು ಹೇಳಿದೆವು. ಮಕ್ಕಳು ಭೇಳ ತಿನ್ನುತ್ತಿದ್ದರು, ಕೇಳಿಸಿಕೊಂಡರೋ ಇಲ್ಲವೋ. ಅಲ್ಲಿಂದ ಮಿರಜಕ್ಕೆ ಬಂದು ತಂಬೂರಿ ಮಾಡುವ ಓಣಿಗೆ ಹೋದೆವು. ಒಂದು ಕಾರಖಾನೆಯ ಹೊರಗೆ, ಗೋಡೆಯ ಗುಂಟ ದೊಡ್ಡ ದೊಡ್ಡ ಬುರುಡೆಗಳನ್ನು ಒಂದರ ಮೇಲೊಂದು ಒಟ್ಟಿದ್ದರು. ಕೆಲವು ಒಬ್ಬ ಹುಡುಗನ ತೆಕ್ಕೆಗೆ ಸಿಗದಷ್ಟು ದಪ್ಪ.

‘ಸರ್ರ, ಇಷ್ಟ ದೊಡ್ಡ ಭೋಪಳಾ ಯಾರಿಗಿ ಬಿದ್ದಿದ್ದರೀ?’ ಎಂದು ಒಬ್ಬ ಕೇಳಿದ. ಎಲ್ಲರೂ ಹೋ ಎಂದು ನಕ್ಕರು.

ಒಳಗೆ ಕುಳಿತಿದ್ದ ವಯಸ್ಸಾದ ಚಾಚಾ ತಲೆಯೆತ್ತಿ ಅಪ್ಪಟ ಕನ್ನಡದಲ್ಲಿ, ‘ಬಾರಪಾ ಒಳಗ, ಯಾರಿಗಿ ಬಿದ್ದದ ತೋರಸ್ತೀನಿ’ ಅಂದರು. ಹುಡುಗನ ಮುಖ ನೋಡಬೇಕಿತ್ತು.

ಆವತ್ತು ಅವರು ನಮ್ಮ ಮಕ್ಕಳಿಗೆ ಒಂದು ತಾಸು ಪಾಠ ಮಾಡಿದರು. ಇದು ಕಡು ಭೋಪಳಾ, ಅಂದರೆ ಕಹಿ ಜಾತಿ, ತಿನ್ನುವುದಲ್ಲ. (ಇಲ್ಲೊಂದು ಎಚ್ಚರಿಕೆಯ ಮಾತು. ಹಾಲುಗುಂಬಳ ಕಹಿಯಾಗಿದ್ದರೆ ದಯವಿಟ್ಟು ಉಗುಳಿಬಿಡಿ. ಆರೋಗ್ಯಕ್ಕೆ ಒಳ್ಳೆಯದೆಂದು ಕಹಿ ರಸ ಕುಡಿದು ಜೀವ ಕಳೆದುಕೊಂಡವರಿದ್ದಾರೆ.) ಬರುವುದು ಸೋಲಾಪುರ ಜಿಲ್ಲೆಯಿಂದ, ಭೀಮಾ ನದಿಯ ಬದಿಯ ಪಂಢರಪುರ, ಮಂಗಳವೇಢೆ ಸೀಮೆಯಿಂದ. ಬಳ್ಳಿಯಲ್ಲೇ ಪೂರಾ ಬಲಿಯಬೇಕು. ಆಮೇಲೆ ತಿಂಗಳುಗಟ್ಟಲೆ ಒಣಗಬೇಕು. ಕೆಲಸಕ್ಕೆ ತೆಗೆದುಕೊಳ್ಳುವಾಗ ಮತ್ತೆ ನೀರಿನಲ್ಲಿ ನೆನೆಹಾಕಿ, ಮೇಲೆ ಕತ್ತರಿಸಿ, ಒಳಗಿನ ಜುಂಗು-ಬೀಜ ಕೆರೆದು ತೆಗೆಯುತ್ತಾರೆ. ಬಾಯಿ ಮುದುಡಿಕೊಳ್ಳಬಾರದೆಂದು ಒಳಗೆ ಕಡ್ಡಿ ಅಡ್ಡ ಕೊಟ್ಟು ಪುನಃ ಒಣಗಿಸುತ್ತಾರೆ. ಅದಾದ ಮೇಲೆಯೇ ತೂನ್ ಮರದ ಕುತ್ತಿಗೆ, ಉದ್ದನೆಯ ದಾಂಡಿ, ಬಾಯಿ ಮುಚ್ಚುವ ತಬಲಿ. ಹೆಂಗಸರ ತಂಬೂರಿಗೆ ಸಣ್ಣ ಬುರುಡೆ, ಗಂಡಸರದಕ್ಕೆ ದೊಡ್ಡದು, ಸ್ವರ ತಗ್ಗಿದಷ್ಟೂ ಹೊಟ್ಟೆ ದೊಡ್ಡದಾಗಬೇಕು. ದಕ್ಷಿಣದ ತಂಜಾವೂರಿನ ತಂಬೂರಿಗೆ ಹಲಸಿನ ಮರದ ಕೊಡವೇ ಕೆತ್ತುತ್ತಾರೆ, ಮಿರಜದ್ದಕ್ಕೆ ಮಾತ್ರ ಬಳ್ಳಿಯೇ ಕೊಡ ಮಾಡಿಕೊಡುತ್ತದೆ.

ತಂತಿ ಕೂರುವ ಸೇತುವೆಗೆ ಅವರು ಘೋಡಿ ಅಂದರು. ನಾವು ಕನ್ನಡದಲ್ಲಿ ಕುದುರೆ ಅನ್ನುತ್ತೇವೆ ಎಂದಾಗ ಖುಷಿಪಟ್ಟರು. ಆ ಕುದುರೆಯ ಮೇಲೆ, ತಂತಿಯ ಕೆಳಗೆ ಒಂದು ನೂಲಿನ ಎಳೆ ಸರಿಸಿ ನಿಲ್ಲಿಸಿದರು. ಅಲ್ಲಿಯವರೆಗೆ ‘ಟಣ್’ ಎನ್ನುತ್ತಿದ್ದ ತಂತಿ ಒಮ್ಮೆಲೇ ಜೇನುಗೂಡಿನ ಹಾಗೆ ಝೇಂಕರಿಸಿತು. ಇದಕ್ಕೆ ಜವಾರಿ ಎಂದು ಹೆಸರು. ಮಕ್ಕಳಿಗೆ ಮತ್ತೆ ನಗು. ನಮ್ಮಲ್ಲಿ ಜವಾರಿ ಅಂದರೆ ಊರ ಬೀಜ. ಜವಾರಿ ಬದನಿಕಾಯಿ, ಜವಾರಿ ಕೋಳಿ. ‘ಇದೂ ಅಂಥಾದ್ದ’ ಅಂದರು ಚಾಚಾ, ‘ಹೈಬ್ರೀಡಿಗಿ ಈ ದನಿ ಬರೂದಿಲ್ಲ.’

ಮಿರಜದಲ್ಲಿ ಈ ಕಸುಬು ಶುರುವಾದದ್ದು 1850ರ ಸುಮಾರಿಗೆ. ಫರೀದಸಾಹೇಬ ಎಂಬವರು, ಅವರ ಸೋದರ ಮೊಹಿನುದ್ದೀನ್. ಇವರು ಶಿಕಲಗಾರರು, ಅಂದರೆ ಕತ್ತಿ-ಭರ್ಚಿಗೆ ಸಾಣೆ ಹಿಡಿಯುವವರು. ಇಂಗ್ರಜರ ಕಾಲಕ್ಕೆ ಯುದ್ಧ ನಿಂತವು, ಸಾಣೆಯ ಕೆಲಸವೂ ನಿಂತಿತು. ಮಿರಜದ ಪಟವರ್ಧನ ದೊರೆಗಳಿಗೆ ಸಂಗೀತದ ಹುಚ್ಚು. ದೂರದಿಂದ ಬರುತ್ತಿದ್ದ ಗವಾಯಿಗಳ ವಾದ್ಯ ಕೆಟ್ಟರೆ ದುರಸ್ತಿಗೆ ಒಬ್ಬರು ಬೇಕಲ್ಲ? ದುರಸ್ತಿ ಮಾಡುತ್ತ ಮಾಡುತ್ತ ಹೊಸದನ್ನೇ ಕಟ್ಟಿದರು. ಮುಂದೆ ಮನೆತನದ ಹೆಸರೇ ಸಿತಾರಮೇಕರ ಎಂದಾಯಿತು. ಕತ್ತಿ ಮಸೆಯುತ್ತಿದ್ದ ಕೈ ಕುಂಬಳ ಕೆರೆಯಲು ಕೂತಿತು. ಈಳಿಗೆ-ಭೋಪಳದ ಗೆಳೆತನ ಇಲ್ಲೊಂದು ಕಡೆ ನಿಜವೇ ಆಗಿಬಿಟ್ಟಿದೆ ನೋಡಿ.

ಆ ಗೆಳೆತನದ ಉಪಕಾರವನ್ನು ಹೆಚ್ಚು ಉಂಡವರು ಕನ್ನಡಿಗರು. ಅಬ್ದುಲ್ ಕರೀಂ ಖಾನರು ಉತ್ತರದ ಕೈರಾನದವರು, ಬಂದು ನೆಲೆಸಿದ್ದು ಮಿರಜದಲ್ಲಿ. 1937ರಲ್ಲಿ ತೀರಿಕೊಂಡಾಗ ಮಣ್ಣಾದದ್ದೂ ಇಲ್ಲಿಯ ಮೀರಾಸಾಹೇಬ ದರ್ಗಾದಲ್ಲಿ. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು, ಅವರಿಂದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಮಲ್ಲಿಕಾರ್ಜುನ ಮನ್ಸೂರರು ಹುಡುಗರಿದ್ದಾಗ ಕಲಿತದ್ದು ಮಿರಜದ ನೀಲಕಂಠಬುವಾ ಅವರ ಹತ್ತಿರ. ಹುಬ್ಬಳ್ಳಿ-ಧಾರವಾಡ ಎಂದು ನಾವು ಎದೆಯುಬ್ಬಿಸಿ ಹೇಳುವ ಸಂಗೀತದ ಬೆನ್ನ ಹಿಂದೆ ಸದಾ ನುಡಿಯುತ್ತಿದ್ದದ್ದು ಒಂದು ಬುರುಡೆ. ಶಿಶುನಾಳ ಶರೀಫಜ್ಜ ತಂಬೂರಿಯ ಮೇಲೆಯೇ ಪದ ಕಟ್ಟಿಬಿಟ್ಟಿದ್ದಾನೆ. ನಮ್ಮ ಮಕ್ಕಳಿಗೆ ಆ ಪದ ಬಾಯಿಪಾಠವಿದೆ. ತಂಬೂರಿಯ ಹೊಟ್ಟೆ ಕುಂಬಳದ ಕುಲದ್ದು ಎಂಬುದು ಗೊತ್ತಿರಲಿಲ್ಲ. ಖರೇ ಹೇಳಬೇಕೆಂದರೆ ಬಹಳ ವರ್ಷ ನಮಗೂ ಗೊತ್ತಿರಲಿಲ್ಲ, ಕಟ್ಟಿಗೆ ಅಂದುಕೊಂಡಿದ್ದೆವು.

ಈಗ ನಮ್ಮ ತಕರಾರಿಗೆ ಬರೋಣ.

2024ರಲ್ಲಿ ಮಿರಜದ ಸಿತಾರಿಗೂ ತಂಬೂರಿಗೂ ಜಿಐ ಮಾನ್ಯತೆ ಸಿಕ್ಕಿತು. ಈ ಊರಿನದೇ ವಿಶೇಷ ವಸ್ತು ಎಂದು ಸರಕಾರ ಕೊಡುವ ಗುರುತು ಅದು. ಪೇಪರಿನಲ್ಲಿ ಓದಿ ಮಿರಜದವರಷ್ಟೇ ನಾವೂ ಹಿಗ್ಗಿದೆವು. ಸಾಂಗಲಿಯ ಅರಿಸಿಣಕ್ಕೆ, ಒಣದ್ರಾಕ್ಷಿಗೆ ಈ ಗುರುತು ಮೊದಲೇ ಇತ್ತು. ಮಂಗಳವೇಢೆಯ ಜೋಳಕ್ಕೂ 2016ರಲ್ಲಿ ಸಿಕ್ಕಿದೆ. ಅದೇ ಮಂಗಳವೇಢೆಯ ಸೀಮೆಯಲ್ಲಿ ಬೆಳೆಯುವ ಭೋಪಳದ ಹೆಸರು ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ. ತಂಬೂರಿ ಮಾಡುವವರ ಹೆಸರು ಗೊತ್ತು, ನುಡಿಸುವವರ ಹೆಸರು ಗೊತ್ತು, ಮರ ಯಾವುದೆಂದು ಗೊತ್ತು. ಬಳ್ಳಿ ಬೆಳೆದವ? ಸೊನ್ನೆ.

ಹೆಸರು ಇಲ್ಲದಿದ್ದರೆ ಏನಾಯಿತು, ಹಣ ಸಿಕ್ಕರೆ ಸಾಕಲ್ಲ ಎನ್ನಬಹುದು. ಆ ರೈತನ ಜಾಗದಲ್ಲಿ ನಿಂತು ಲೆಕ್ಕ ಹಾಕಿ. ಕಬ್ಬು ಹಾಕಿದರೆ ಫ್ಯಾಕ್ಟರಿ ಇದೆ, ಕಡಿಯುವವರು ಬರುತ್ತಾರೆ, ಬಿಲ್ಲು ತಡವಾದರೂ ಬರುತ್ತದೆ. ಭೀಮೆಯ ದಂಡೆಯಲ್ಲಿ ಎಲ್ಲಿ ನೋಡಿದರೂ ಈಗ ಕಬ್ಬೇ. ಭೋಪಳದ ಬಳ್ಳಿಯೋ ಹೊಲದ ತುಂಬ ಹರಿದುಕೊಂಡು ಬಿದ್ದಿರುತ್ತದೆ, ಕಾಯಿ ಬಲಿತು ಒಣಗುವವರೆಗೆ ಆ ನೆಲ ಅದಕ್ಕೇ ಮೀಸಲು. ನಡುವೆ ಹೊತ್ತಲ್ಲದ ಹೊತ್ತಿನಲ್ಲಿ ಒಂದು ಮಳೆ ಬಿದ್ದರೆ ಕೊಳೆಯುತ್ತದೆ, ಒಂದು ಬಿರುಕು ಬಿಟ್ಟರೆ ದನಿ ಹೋಯಿತು. ಓರೆಯಾಗಿ ಬೆಳೆದದ್ದು ತಂಬೂರಿಗೆ ಬರುವುದಿಲ್ಲ. ಉಳಿದ ತರಕಾರಿಯ ಹಾಗೆ ಸಂತೆಗೆ ಒಯ್ಯೋಣವೆಂದರೆ ಕಹಿ! ಕೊಳ್ಳುವವರು ಇಡೀ ದೇಶದಲ್ಲಿ ಕೆಲವೇ ಓಣಿಗಳು. ಇಷ್ಟೆಲ್ಲ ಆದಮೇಲೂ ಒಬ್ಬ ರೈತ ಬಳ್ಳಿ ಹಚ್ಚುತ್ತಾನೆಂದರೆ ಅದಕ್ಕೆ ಅಪ್ಪನಿಂದ ಬಂದ ಬೀಜದ ಮೇಲಿನ ಮಮತೆ ಬಿಟ್ಟು ಬೇರೆ ಕಾರಣ ನಮಗೆ ಕಾಣುವುದಿಲ್ಲ.

ತಪ್ಪೆಲ್ಲ ತಂಬೂರಿಯವರದು ಎಂದು ಯಾರೂ ತಿಳಿಯಬಾರದು. ಅವರದೂ ಕಷ್ಟವೇ. ಈಗ ಗವಾಯಿಗಳ ಚೀಲದಲ್ಲಿ ಎಲೆಕ್ಟ್ರಾನಿಕ್ ತಂಬೂರಿಯ ಡಬ್ಬಿ ಇರುತ್ತದೆ, ಅದೂ ಬೇಡವೆಂದರೆ ಮೊಬೈಲಿನಲ್ಲೇ ಶ್ರುತಿ ಬರುತ್ತದೆ. ಸಂಗೀತ ಕಲಿಯುವ ಹುಡುಗಿಗೆ ಮಿರಜದ ತಂಬೂರಿ ಕೊಡಿಸುವ ಶಕ್ತಿ ಎಷ್ಟು ಮನೆಗಳಲ್ಲಿದೆ? ಡಬ್ಬಿಯನ್ನು ಬಯ್ಯುವುದಿಲ್ಲ ನಾವು. ಬಸ್ಸಿನಲ್ಲಿ ತಂಬೂರಿ ಹೊತ್ತು ಓಡಾಡಿದವರಿಗೆ ಅದರ ಬೆಲೆ ಗೊತ್ತು. ಆದರೆ ಆ ಡಬ್ಬಿ ನಕಲು ಮಾಡುವುದು ಯಾವುದನ್ನು? ಬುರುಡೆಯ ದನಿಯನ್ನೇ ಅಲ್ಲವೇ?

ನಮಗೆ ಅನ್ನಿಸುವುದು ಇಷ್ಟು. ಗುರುತಿನ ಚೀಟಿ ತಂಬೂರಿಗೆ ಸಿಕ್ಕಿದೆ, ಒಳ್ಳೆಯದು. ಅದರಿಂದ ಬೆಲೆ ಏರುವುದಾದರೆ ಅದರ ಒಂದು ಪಾಲು ಬಳ್ಳಿಯ ಬುಡಕ್ಕೆ ಹೋಗಬೇಕು. ಬಿತ್ತುವ ಮೊದಲೇ ಇಷ್ಟು ಕಾಯಿ, ಈ ದರಕ್ಕೆ ಒಯ್ಯುತ್ತೇವೆ ಎಂದು ಮಾತು ಕೊಟ್ಟು ಸ್ವಲ್ಪ ಮುಂಗಡ ಕೊಟ್ಟರೆ ರೈತ ಕಬ್ಬಿನ ನಡುವೆ ನಾಲ್ಕು ಗುಂಟೆ ಬಿಟ್ಟಾನು. ಮಳೆಗೆ ಕೆಟ್ಟರೆ ನಷ್ಟ ಅವನೊಬ್ಬನ ತಲೆಯ ಮೇಲೆ ಬೀಳಬಾರದು. ಕರ್ನಾಟಕದ ಸಂಗೀತ ಶಾಲೆಗಳು, ಅಕಾಡೆಮಿಗಳು ಮಿರಜದಿಂದ ತಂಬೂರಿ ಕೊಳ್ಳುವಾಗ ಬುರುಡೆ ಯಾವ ಊರಿನದು ಎಂದು ಒಂದು ಪ್ರಶ್ನೆ ಕೇಳಲಿ. ಕೇಳುವವರಿದ್ದರೆ ಹೇಳುವವರೂ ಹುಟ್ಟುತ್ತಾರೆ. ಒಂದು ಚಿಕ್ಕ ಚೀಟಿಯಲ್ಲಿ ರೈತನ ಹೆಸರು, ಊರು ಬರೆದು ತಂಬೂರಿಯ ಹೊಟ್ಟೆಯೊಳಗೆ ಅಂಟಿಸಲು ಎಷ್ಟು ಖರ್ಚಾದೀತು?

‘ಮಾಸ್ತರರಿಗೆ ಇದರಲ್ಲೇನು ಕೆಲಸ’ ಎಂದು ನಮ್ಮ ಮನೆಯಲ್ಲೇ ಕೇಳಿದ್ದಾರೆ. ಇದೆ. ನಮ್ಮ ಶಾಲೆಗಳಿಗೆ ಪುಸ್ತಕ ಬರುವುದು ಪುಣೆಯ ಬಾಲಭಾರತಿಯಿಂದ, ಸುದ್ದಿ ಬರುವುದು ಬೆಂಗಳೂರಿನಿಂದ. ನಡುವೆ ಇರುವ ಈ ಸೀಮೆಯ ಸಂಗತಿಯನ್ನು ನಾವೇ ಹೇಳದಿದ್ದರೆ ಮಕ್ಕಳಿಗೆ ಹೇಳುವವರು ಯಾರೂ ಇಲ್ಲ. ಪಂಢರಪುರದ ವಿಠಲನನ್ನು ಜ್ಞಾನೇಶ್ವರರೇ ಕನ್ನಡಿಗ ಎಂದು ಕರೆದರು ಎಂದು ಹೇಳಿ ನಾವು ಹೆಮ್ಮೆಪಡುತ್ತೇವೆ. ಅದೇ ಪಂಢರಪುರದ ಹೊಲದಿಂದ ನಮ್ಮ ಸಂಗೀತಕ್ಕೆ ಬುರುಡೆ ಬರುತ್ತದೆ ಎಂಬುದನ್ನೂ ಅದರ ಪಕ್ಕದಲ್ಲಿ ಹೇಳಬೇಕು.

ಸಹಲಿನ ದಿನ ಹೊರಡುವಾಗ ಚಾಚಾ ಒಂದು ಹಿಡಿ ಬೀಜ ಕೊಟ್ಟಿದ್ದರು. ಆ ವರ್ಷ ಶಾಲೆಯ ಪರಸಬಾಗದ ಬೇಲಿಯ ಬದಿ ಹಾಕಿದೆವು. ಸಿಹಿಗುಂಬಳ ಒಂದು ಕಡೆ, ಇದು ಇನ್ನೊಂದು ಕಡೆ, ನಡುವೆ ‘ಕಹಿ, ತಿನ್ನಬಾರದು’ ಎಂದು ಎರಡೂ ಭಾಷೆಯಲ್ಲಿ ಬೋರ್ಡು. ನೀರಿಗೆ ಮಕ್ಕಳು ಸರದಿ ಹಾಕಿಕೊಂಡರು, ಊಟದ ಮೇಲೆ ಕೈ ತೊಳೆದ ನೀರೂ ಅಲ್ಲಿಗೇ. ಆಡು ಎರಡು ಸಲ ಕುಡಿ ಕಡಿದವು. ಕೊನೆಗೆ ಮೂರು ಕಾಯಿ ನಿಂತವು. ಒಂದು ಕೊಳೆಯಿತು, ಒಂದನ್ನು ಯಾರೋ ಕ್ರಿಕೆಟ್ ಚೆಂಡಿನಿಂದ ಒಡೆದರು (ಈವರೆಗೂ ಯಾರೂ ಹೆಗಲು ಮುಟ್ಟಿಕೊಂಡಿಲ್ಲ). ಉಳಿದ ಒಂದನ್ನು ಆಫೀಸಿನ ಕಪಾಟಿನ ಮೇಲೆ ಬೇಸಿಗೆಯವರೆಗೆ ಒಣಗಿಸಿದೆವು.

ಅದನ್ನು ಹಳೆಯ ಧೋತರದಲ್ಲಿ ಸುತ್ತಿ, ಎಸ್.ಟಿ. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಮಿರಜಕ್ಕೆ ಒಯ್ದೆವು. ಜೊತೆಗೆ ಭೋಪಳಾ ಯಾರಿಗಿ ಬಿದ್ದದ ಎಂದು ಕೇಳಿದ ಆ ಹುಡುಗನೂ ಇದ್ದ. ಚಾಚಾ ಬುರುಡೆಯನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ಬಡಿದರು. ತಿರುಗಿಸಿ ಮತ್ತೆ ಬಡಿದರು. ಹುಡುಗ ರಿಜಲ್ಟ್ ಕೇಳುವವನ ಹಾಗೆ ನಿಂತಿದ್ದ.

‘ಚಿಪ್ಪ ತೆಳು ಆಗೇದ್ರಿ ಮಾಸ್ತರ. ನೀರ ಕಮ್ಮಿ ಬಿದ್ದಾವ. ತಂಬೂರಿಗಿ ಬರೂದಿಲ್ಲ’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ಏಕತಾರಿಗಿ ಆಗತದ’ ಅಂದರು.

ಮಾಡಿಕೊಟ್ಟರು. ಈಗ ಶಾಲೆಯ ಪ್ರಾರ್ಥನೆಗೆ ಅದೇ ಇದೆ. ತಂತಿ ಸ್ವಲ್ಪ ಸಡಿಲಾಗಿದೆ, ಮುಂದಿನ ಸಲ ಮಿರಜಕ್ಕೆ ಹೋದಾಗ ಬಿಗಿಸಿಕೊಂಡು ಬರಬೇಕು, ಬೀಜವನ್ನೂ ಕೇಳಬೇಕು.